ಮಾಯುವ ಹುಣ್ಣು, ಕಟ್ಟುವ ಕರುಳು

“ಊಟ ಮಾಡಿ ಸ್ವಲ್ಪ ಹೊತ್ತಿಗೆ ಹೊಕ್ಕುಳ ಸುತ್ತ ನೋವು ಶುರುವಾಗುತ್ತೆ ಡಾಕ್ಟ್ರೇ. ಒಳಗೆ ಉಂಡೆ ಕಟ್ಟಿದ ಹಾಗೆ ಏನೋ ಓಡಾಡುತ್ತೆ. ಗುಡುಗುಡು ಅಂತ ಸದ್ದಾಗಿ ಗಾಳಿ ಹೋಯ್ತು ಅಂದ್ರೆ ನೋವೂ ಹೋಯ್ತು.”

ಇಷ್ಟು ಮಾತು ಕಿವಿಗೆ ಬಿದ್ದರೆ ಪಳಗಿದ ಶಸ್ತ್ರವೈದ್ಯರು ಮುಂದೆ ಕೇಳುವ ಪ್ರಶ್ನೆಗಳಿಗೂ ಹೊಟ್ಟೆಗೂ ಸಂಬಂಧವೇ ಇಲ್ಲ ಅನ್ನಿಸಬಹುದು. ಸಂಜೆ ಹೊತ್ತಿಗೆ ಮೈ ಬೆಚ್ಚಗಾಗುತ್ತದೆಯೇ? ರಾತ್ರಿ ಬೆವರುತ್ತೀರಾ? ಈ ಆರು ತಿಂಗಳಲ್ಲಿ ಪ್ಯಾಂಟು ಸಡಿಲವಾಗಿದೆಯೇ? ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತೇ? ಎರಡು ಮೂರಕ್ಕೆ ಹೌದು ಎಂಬ ಉತ್ತರ ಬಂದರೆ ಅವರ ತಲೆಯಲ್ಲಿ ಮೊದಲು ಮೂಡುವ ಹೆಸರು ಕರುಳಿನ ಕ್ಷಯ. ಟಿಬಿಯ ಹುಣ್ಣಿನಿಂದ ಕರುಳು ಒಂದು ಕಡೆ ಕಿರಿದಾಗಿದೆ, ಊಟ ಅಲ್ಲಿಗೆ ಬಂದು ನಿಲ್ಲುತ್ತಿದೆ, ಹಿಂದಿನ ಕರುಳು ಅದನ್ನು ತಳ್ಳಲು ಹೆಣಗುತ್ತಿದೆ. ಓಡಾಡುವ ಉಂಡೆ ಎಂದರೆ ಹೀಗೆ ಹೆಣಗುತ್ತಿರುವ ಕರುಳೇ. ತೆಳ್ಳಗಿನ ಮೈಯವರಲ್ಲಿ ಹೊಟ್ಟೆಯ ಚರ್ಮದಡಿ ಅದು ಅಲೆಯಂತೆ ಏಳುವುದನ್ನು ಬರಿಗಣ್ಣಲ್ಲೇ ನೋಡಬಹುದು.

ಆದರೆ ರೋಗಿ ಶಸ್ತ್ರವೈದ್ಯರ ಬಳಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿರುತ್ತಾರೆ. ನಮ್ಮಲ್ಲಿ ಹೊಟ್ಟೆಯ ಯಾವ ತೊಂದರೆಗೂ ‘ಗ್ಯಾಸ್’ ಎಂಬ ಒಂದೇ ಉತ್ತರ. ಮೆಡಿಕಲ್ ಶಾಪ್‌ನವರಿಗೆ ಅದು ಗೊತ್ತು, ರೋಗಿಗೆ ಗೊತ್ತು, ನೆರೆಮನೆಯವರಿಗೂ ಗೊತ್ತು. ಹಳ್ಳಿಯ ಕಡೆ ‘ಬಟ್ಟಿ ಸರಿದಿದೆ’ ಎಂದು ಹೊಟ್ಟೆ ನೀವಿಸುತ್ತಾರೆ, ಮಲ ಕಟ್ಟಿದೆ ಎಂದು ಹರಳೆಣ್ಣೆ ಕುಡಿಸುತ್ತಾರೆ. ಕರುಳು ಕಟ್ಟಿಕೊಂಡವರಿಗೆ ಇವೆರಡೂ ಅಪಾಯ. ಮುಂದೆ ದಾರಿಯೇ ಇಲ್ಲದ ಕರುಳನ್ನು ಭೇದಿ ಔಷಧಿ ಹಿಂದಿನಿಂದ ಇನ್ನಷ್ಟು ಜೋರಾಗಿ ಹಿಂಡಿಸುತ್ತದೆ; ಮೊದಲೇ ಹುಣ್ಣಾಗಿ ಸವೆದ ಗೋಡೆ ಎಲ್ಲಿ ಬೇಕಾದರೂ ತೂತಾಗಬಹುದು.

ಟಿಬಿ ಎಂದರೆ ಕೆಮ್ಮು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದ್ದಕ್ಕೂ ಕಾರಣವಿದೆ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ, ರೋಗಲಕ್ಷಣ ಇರುವವರಲ್ಲಿ ಅನೇಕರು ತಾವಾಗಿಯೇ ಆಸ್ಪತ್ರೆಗೆ ಬರುತ್ತಾರೆ, ಅವರ ಕಫ ಪರೀಕ್ಷಿಸಿದರೆ ಬಹಳಷ್ಟು ರೋಗಿಗಳು ಸಿಗುತ್ತಾರೆ ಎಂದು ತೋರಿಸಿಕೊಟ್ಟಿತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಇಂಥ ಕೆಲಸದ ಮೇಲೆ. ಅದು ಸರಿಯಾದ ದಾರಿಯೇ ಆಗಿತ್ತು, ಏಕೆಂದರೆ ರೋಗ ಹರಡುವುದು ಕೆಮ್ಮಿನಿಂದ. ಆದರೆ ಹೊಟ್ಟೆಯ ಟಿಬಿ ಕಫದ ಡಬ್ಬಿಗೆ ಸಿಗುವುದಿಲ್ಲ. ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಕೆಮ್ಮೇ ಇರುವುದಿಲ್ಲ, ಎದೆಯ ಎಕ್ಸ್‌ರೇ ಶುದ್ಧವಾಗಿರುತ್ತದೆ. ‘ಎಕ್ಸ್‌ರೇ ಚೆನ್ನಾಗಿದೆ, ನಿಮಗೆ ಟಿಬಿ ಇಲ್ಲ’ ಎಂದು ಮನೆಗೆ ಕಳಿಸಿದವರು ಎಷ್ಟೋ ಮಂದಿ.

ರೋಗಾಣು ಹೊಟ್ಟೆಗೆ ಬರುವ ದಾರಿ ಹಲವು. ಎದೆಯ ಟಿಬಿ ಇದ್ದವರು ನುಂಗಿದ ಕಫದಿಂದ, ರಕ್ತದ ಮೂಲಕ, ಪಕ್ಕದ ದುಗ್ಧಗ್ರಂಥಿಯಿಂದ, ರೋಗವಿರುವ ಹಸುವಿನ ಹಸಿಹಾಲಿನಿಂದ. ನಮ್ಮ ಮನೆಗಳಲ್ಲಿ ಹಾಲು ಉಕ್ಕುವವರೆಗೆ ಕಾಯಿಸುವ ಅಭ್ಯಾಸ ಕೊನೆಯ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ. ಹೀಗೆ ಬಂದ ರೋಗಾಣು ಹೆಚ್ಚಾಗಿ ಮನೆಮಾಡುವುದು ಸಣ್ಣ ಕರುಳು ಮುಗಿದು ದೊಡ್ಡ ಕರುಳು ಆರಂಭವಾಗುವ ಸಂಧಿಯಲ್ಲಿ, ಹೊಟ್ಟೆಯ ಬಲಭಾಗದ ಕೆಳಗೆ, ಅಪೆಂಡಿಕ್ಸ್ ಇರುವ ಜಾಗದ ಹತ್ತಿರ. ಆರು ಮೀಟರಿನಷ್ಟು ಉದ್ದದ ಸಣ್ಣ ಕರುಳಲ್ಲಿ ಆಹಾರ ತುಸು ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿ. ರೋಗಾಣುವಿಗೆ ಒಗ್ಗುವ ದುಗ್ಧರಸದ ಅಂಗಾಂಶ ಹೇರಳವಾಗಿರುವುದೂ ಅಲ್ಲೇ.

ಕರುಳು ಯಾಕೆ ಕಟ್ಟುತ್ತದೆ ಎಂಬುದಕ್ಕೆ ಹುಣ್ಣಿನ ದಿಕ್ಕು ನೋಡಬೇಕು. ಟೈಫಾಯ್ಡ್‌ನ ಹುಣ್ಣು ಕರುಳಿನ ಉದ್ದಕ್ಕೆ ಮಲಗಿರುತ್ತದೆ. ಟಿಬಿಯ ಹುಣ್ಣು ಕರುಳಿಗೆ ಅಡ್ಡಲಾಗಿ ಬಳಸಿಕೊಂಡು ಬೆಳೆಯುತ್ತದೆ, ಏಕೆಂದರೆ ಕರುಳಿನ ಗೋಡೆಯ ದುಗ್ಧನಾಳಗಳು ಹಾಗೆ ಸುತ್ತುತ್ತವೆ. ಸುಟ್ಟ ಗಾಯ ಮಾಯುವಾಗ ಚರ್ಮ ಬಿಗಿದುಕೊಂಡು ಬೆರಳು ಮಡಚಿಹೋಗುವುದನ್ನು ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಟೈಫಾಯ್ಡ್ ಹುಣ್ಣು ತೂತಾಗಬಹುದು, ಆದರೆ ಮಾಯ್ದ ಮೇಲೆ ಕರುಳನ್ನು ಕಿರಿದು ಮಾಡುವುದಿಲ್ಲ. ಟಿಬಿಯ ಹುಣ್ಣು ಉಂಗುರದ ಆಕಾರದಲ್ಲಿ ಇರುವುದರಿಂದ ಮಾಯುತ್ತಾ ಬಂದಂತೆ ಉಂಗುರ ಬಿಗಿಯುತ್ತದೆ. ಕೆಲವರಲ್ಲಿ ಇಂಥ ಬಿಗಿತ ಒಂದೇ, ಕೆಲವರಲ್ಲಿ ಐದಾರು. ಇದಲ್ಲದೆ ಗೋಡೆಯೇ ದಪ್ಪವಾಗಿ ಗಂಟಿನಂತೆ ಬೆಳೆದು ದಾರಿ ಮುಚ್ಚುವುದುಂಟು, ಊದಿದ ಗ್ರಂಥಿಗಳು ಹೊರಗಿನಿಂದ ಎಳೆದು ಕರುಳನ್ನು ಬಗ್ಗಿಸುವುದುಂಟು, ಹೊಟ್ಟೆಯ ಒಳಪದರಕ್ಕೆ ಟಿಬಿ ಹಬ್ಬಿ ಕರುಳಿನ ಸುರುಳಿಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುವುದುಂಟು.

ದಾರಿ ಪೂರ್ತಿ ಮುಚ್ಚಿದಾಗ ಚಿತ್ರವೇ ಬದಲಾಗುತ್ತದೆ. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕುಡಿದ ನೀರು ಎಲ್ಲ ಸೇರಿ ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಕರುಳಿನೊಳಗೆ ಬಂದು, ಹೆಚ್ಚುಕಡಿಮೆ ಅಷ್ಟೂ ಮತ್ತೆ ರಕ್ತಕ್ಕೆ ಹೀರಿಹೋಗುತ್ತದೆ. ಕರುಳು ಕಟ್ಟಿದರೆ ಅದು ಹೀರಿಹೋಗದೆ ಅಲ್ಲೇ ನಿಲ್ಲುತ್ತದೆ ಅಥವಾ ಹಸಿರು ವಾಂತಿಯಾಗಿ ಹೊರಬರುತ್ತದೆ. ಹೊಟ್ಟೆ ಉಬ್ಬುತ್ತದೆ, ಮಲವೂ ಇಲ್ಲ, ಗಾಳಿಯೂ ಇಲ್ಲ. ರೋಗಿ ಒಣಗುತ್ತಾನೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಪೊಟ್ಯಾಸಿಯಂ ಇಳಿದರೆ ಚೆನ್ನಾಗಿದ್ದ ಕರುಳೂ ಸೋಮಾರಿಯಾಗುತ್ತದೆ. ಆದ್ದರಿಂದ ಆಸ್ಪತ್ರೆಗೆ ಸೇರಿಸಿದ ಮೊದಲ ಗಂಟೆಯಲ್ಲಿ ನಡೆಯುವ ಕೆಲಸ ಟಿಬಿಯ ಚಿಕಿತ್ಸೆಯಲ್ಲ. ಬಾಯಿಗೆ ಏನೂ ಕೊಡದೆ, ಮೂಗಿನಿಂದ ರೈಲ್ಸ್ ಟ್ಯೂಬ್ ಇಳಿಸಿ ಜಠರ ಖಾಲಿ ಮಾಡಿ, ಡ್ರಿಪ್ ಹಾಕಿ, ಮೂತ್ರ ಎಷ್ಟು ಬರುತ್ತಿದೆ ಎಂದು ಅಳೆಯುತ್ತಾರೆ. ನಿಲ್ಲಿಸಿ ತೆಗೆದ ಹೊಟ್ಟೆಯ ಎಕ್ಸ್‌ರೇಯಲ್ಲಿ ಕರುಳಿನ ಸುರುಳಿಗಳಲ್ಲಿ ಕೆಳಗೆ ನೀರು, ಮೇಲೆ ಗಾಳಿ, ನಡುವೆ ಅಡ್ಡಗೆರೆ ಎಳೆದಂಥ ಮಟ್ಟಗಳು ಮೆಟ್ಟಿಲಂತೆ ಕಾಣುತ್ತವೆ. ಮನೆಯವರಿಗೆ ‘ಮೂಗಿಗೆ ಪೈಪ್ ಹಾಕಿ ಸುಮ್ಮನೆ ಕೂರಿಸಿದ್ದಾರೆ’ ಎಂಬ ಅಸಮಾಧಾನ ಇರುತ್ತದೆ. ಆ ಸುಮ್ಮನಿರುವುದರಲ್ಲೇ ಹಲವರ ಕಟ್ಟು ಬಿಡುತ್ತದೆ, ಏಕೆಂದರೆ ಟಿಬಿಯಲ್ಲಿ ಹೆಚ್ಚಾಗಿ ಆಗುವುದು ಅರೆಕಟ್ಟು. ಊತ ಇಳಿದರೆ ದಾರಿ ಸ್ವಲ್ಪ ತೆರೆಯುತ್ತದೆ, ರೋಗ ಯಾವುದೆಂದು ನೋಡಲು ಸಮಯ ಸಿಗುತ್ತದೆ.

ಆ ಸಮಯವನ್ನು ಬಳಸಿಕೊಳ್ಳುವುದೇ ಇಲ್ಲಿನ ಜಾಣ್ಮೆ. ಸಿಟಿ ಸ್ಕ್ಯಾನ್‌ನಲ್ಲಿ ಕರುಳು ಎಲ್ಲಿ ಕಿರಿದಾಗಿದೆ, ಎಷ್ಟು ಉದ್ದ, ಎಷ್ಟು ಕಡೆ ಎಂಬುದು ಕಾಣುತ್ತದೆ. ನಡುವೆ ಕಪ್ಪಾಗಿ ಕೊಳೆತ ಗ್ರಂಥಿಗಳು ಕಂಡರೆ ಟಿಬಿಯ ಕಡೆಗೆ ಬೆರಳು ತೋರುತ್ತದೆ. ಆದರೆ ಸ್ಕ್ಯಾನ್ ನೋಡಿ ಅನುಮಾನಪಡಬಹುದು, ತೀರ್ಪು ಕೊಡಲಾಗದು. ಕೊಲೊನೋಸ್ಕೋಪಿ ಮಾಡಿ, ದೊಡ್ಡ ಕರುಳು ದಾಟಿ ಸಣ್ಣ ಕರುಳಿನ ತುದಿಯವರೆಗೂ ಹೊಕ್ಕು, ಹುಣ್ಣಿನ ಅಂಚಿನಿಂದ ಎಂಟು ಹತ್ತು ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಒಂದೆರಡು ಚೂರು ಸಾಲದು. ಟಿಬಿಯ ಗುರುತಾದ ಗ್ರಾನುಲೋಮ ಗಂಟುಗಳು ಮೇಲ್ಪದರದ ಕೆಳಗೆ ಅಡಗಿರುತ್ತವೆ, ಮೇಲೆಮೇಲೆ ಚಿವುಟಿದರೆ ಸಿಗುವುದಿಲ್ಲ. ನುಂಗುವ ಕ್ಯಾಮೆರಾ ಕ್ಯಾಪ್ಸೂಲ್ ಬಗ್ಗೆ ಕೆಲವರು ಕೇಳುತ್ತಾರೆ. ಕರುಳು ಕಿರಿದಾಗಿದೆ ಎಂಬ ಅನುಮಾನವಿದ್ದಾಗ ಅದು ಬೇಡ. ಕ್ಯಾಪ್ಸೂಲೇ ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು, ಅದನ್ನು ತೆಗೆಯಲು ಆಪರೇಷನ್ ಮಾಡಬೇಕಾಗಿ ಬರಬಹುದು.

ಇಷ್ಟು ಮಾಡಿದರೂ ಪುರಾವೆ ಕೈಗೆ ಸಿಗದೇ ಹೋಗಬಹುದು. ಕಫದಲ್ಲಿ ಲಕ್ಷಗಟ್ಟಲೆ ರೋಗಾಣು ಇರುತ್ತವೆ, ಕರುಳಿನ ಚೂರಿನಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ಸಿಬಿನ್ಯಾಟ್, ಟ್ರೂನ್ಯಾಟ್‌ನಂಥ ಜೀನ್ ಪರೀಕ್ಷೆಯಲ್ಲಿ ‘ಇದೆ’ ಎಂದು ಬಂದರೆ ನಂಬಬಹುದು, ರಿಫಾಂಪಿಸಿನ್‌ಗೆ ರೋಗಾಣು ಜಗ್ಗುತ್ತದೆಯೋ ಇಲ್ಲವೋ ಎಂಬುದೂ ಜೊತೆಗೇ ತಿಳಿಯುತ್ತದೆ. ‘ಇಲ್ಲ’ ಎಂದು ಬಂದರೆ ಅದರಿಂದ ಏನೂ ತೀರ್ಮಾನವಾಗದು. ಕಲ್ಚರ್ ವರದಿಗೆ ವಾರಗಟ್ಟಲೆ ಕಾಯಬೇಕು, ಆದರೂ ಕಳಿಸಲೇಬೇಕು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಕೆಲಸ ತುಸು ಸುಲಭ. ಆ ನೀರಿನಲ್ಲಿ ಎಡಿಎ ಎಂಬ ಕಿಣ್ವ ಲೀಟರಿಗೆ 39 ಯೂನಿಟ್ ದಾಟಿದ್ದರೆ ಟಿಬಿಯ ಸಾಧ್ಯತೆ ಬಲವಾಗುತ್ತದೆ. ಇನ್ನು ರಕ್ತದ ಪ್ರತಿಕಾಯ ನೋಡಿ ಟಿಬಿ ಹೇಳುವ ಪರೀಕ್ಷೆಗಳನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ. ಮಾಂಟೂ ಚುಚ್ಚುಮದ್ದಿನ ಗುಳ್ಳೆ ದೊಡ್ಡದಾಗಿ ಎದ್ದರೂ, ಎಂದೋ ರೋಗಾಣು ಒಳಹೊಕ್ಕಿದೆ ಎಂಬುದಷ್ಟೇ ಅದರ ಅರ್ಥ. ನಮ್ಮ ದೇಶದಲ್ಲಿ ಅಂಥ ವಯಸ್ಕರು ಕೋಟಿಗಟ್ಟಲೆ ಇದ್ದಾರೆ.

ಗೊಂದಲ ಹೆಚ್ಚುವುದು ಕ್ರೋನ್ಸ್ ಕಾಯಿಲೆಯಿಂದ. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಸಂಗಡಿಗರು 1932ರಲ್ಲಿ ವಿವರಿಸಿದ ಈ ಕಾಯಿಲೆಯೂ ಹಿಡಿಯುವುದು ಅದೇ ಸಂಧಿಯನ್ನು. ಹುಣ್ಣು, ಬಿಗಿತ, ಗ್ರಾನುಲೋಮ, ಜ್ವರ, ತೂಕ ಇಳಿಕೆ ಎಲ್ಲವೂ ಹಾಗೇ. ವ್ಯತ್ಯಾಸ ಇರುವುದು ಚಿಕಿತ್ಸೆಯಲ್ಲಿ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳನ್ನು ಟಿಬಿ ಇರುವವರಿಗೆ ಕೊಟ್ಟರೆ ಅಡಗಿದ್ದ ರೋಗ ಮೈತುಂಬ ಹರಡಿ ಪ್ರಾಣಕ್ಕೇ ಬರಬಹುದು. ಕ್ರೋನ್ಸ್ ಇರುವವರಿಗೆ ಟಿಬಿ ಮಾತ್ರೆ ಕೊಟ್ಟರೆ ಅಷ್ಟು ದೊಡ್ಡ ಅನಾಹುತವಿಲ್ಲ, ಆದರೆ ತಿಂಗಳುಗಳು ವ್ಯರ್ಥ, ಆ ಅವಧಿಯಲ್ಲಿ ಕರುಳು ಇನ್ನಷ್ಟು ಬಿಗಿಯುತ್ತದೆ. ಎರಡರ ನಡುವೆ ತೂಗಿ, ನಮ್ಮ ದೇಶದಲ್ಲಿ ವೈದ್ಯರು ಹಿಡಿದಿರುವ ದಾರಿ ಇದು: ಎಲ್ಲ ಪರೀಕ್ಷೆ ಮುಗಿದ ಮೇಲೂ ಅನುಮಾನ ಉಳಿದರೆ ಮೊದಲು ಟಿಬಿ ಔಷಧಿ ಶುರುಮಾಡಿ, ಎರಡು ತಿಂಗಳ ಸುಮಾರಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ನೋಡುವುದು. ಟಿಬಿಯಾಗಿದ್ದರೆ ಹುಣ್ಣು ಮಾಯ್ದಿರಬೇಕು. ರೋಗಿ ‘ಈಗ ಪರವಾಗಿಲ್ಲ’ ಎಂದರೆ ಸಾಲದು. ಕ್ರೋನ್ಸ್ ಇರುವವರಿಗೂ ಆ ಔಷಧಿಯಲ್ಲಿ ಕೆಲದಿನ ಹಾಯೆನಿಸುವುದುಂಟು. ಎರಡನೇ ಸಲದ ಕೊಲೊನೋಸ್ಕೋಪಿ ದುಡ್ಡು ಮಾಡಲು ಎಂದು ಅನುಮಾನಿಸುವವರು ಇದನ್ನು ಗಮನಿಸಬೇಕು. ಬಯಾಪ್ಸಿಯನ್ನೇ ಮಾಡದೆ ಅಂದಾಜಿನ ಮೇಲೆ ಮಾತ್ರೆ ಬರೆದುಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದೇ ಜಾಗದಲ್ಲಿ ಲಿಂಫೋಮ ಮತ್ತು ಕ್ಯಾನ್ಸರ್ ಕೂಡ ಬರುತ್ತವೆ.

ಹೆಂಗಸರಲ್ಲಿ ಇನ್ನೊಂದು ಎಡವಟ್ಟು ನಡೆಯುತ್ತದೆ. ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ರಕ್ತದಲ್ಲಿ ಸಿಎ 125 ಏರಿಕೆ ಮೂರೂ ಕಂಡರೆ ಅಂಡಾಶಯದ ಕ್ಯಾನ್ಸರ್ ಎಂದು ಮನೆಮಂದಿ ಕಂಗಾಲಾಗುತ್ತಾರೆ. ಹೊಟ್ಟೆಯ ಪದರದ ಟಿಬಿಯಲ್ಲೂ ಈ ಮೂರೂ ಹಾಗೇ ಇರುತ್ತವೆ. ಸಣ್ಣ ರಂಧ್ರದ ಲ್ಯಾಪರೋಸ್ಕೋಪಿ ಮಾಡಿ, ಪದರದ ಮೇಲೆ ಎರಚಿದಂತೆ ಕಾಣುವ ಬಿಳಿ ಗುಳ್ಳೆಗಳಿಂದ ಚೂರು ತೆಗೆದು ನೋಡಿದರೆ ಸತ್ಯ ಹೊರಬೀಳುತ್ತದೆ. ಕ್ಯಾನ್ಸರ್ ಎಂದುಕೊಂಡು ಬಂದವರು ಆರು ತಿಂಗಳ ಮಾತ್ರೆಯ ಚೀಟಿ ಹಿಡಿದು ಹೊರಡುವುದು ಆಸ್ಪತ್ರೆಯಲ್ಲಿ ಅಪರೂಪಕ್ಕೆ ಸಿಗುವ ಒಳ್ಳೆಯ ಸುದ್ದಿ.

ಆರೇ ತಿಂಗಳು. ಹೊಟ್ಟೆಯ ಟಿಬಿ ಗಟ್ಟಿ, ಒಂಬತ್ತು ತಿಂಗಳೋ ವರ್ಷವೋ ಕೊಡಬೇಕು ಎಂಬ ನಂಬಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. ದೆಹಲಿಯ ಏಮ್ಸ್ ನೇತೃತ್ವದಲ್ಲಿ ಆರು ತಿಂಗಳ ಮತ್ತು ಒಂಬತ್ತು ತಿಂಗಳ ಚಿಕಿತ್ಸೆಯನ್ನು ಹೋಲಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಶ್ವಾಸಕೋಶದಾಚೆಗಿನ ಟಿಬಿಗೆಂದು 2016ರಲ್ಲಿ ಬಂದ ಭಾರತದ ಮಾರ್ಗಸೂಚಿಯೂ ಆರು ತಿಂಗಳನ್ನೇ ಹೇಳಿತು. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಿ. ಉಳಿದ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಮೂರು. ತೂಕಕ್ಕೆ ತಕ್ಕಷ್ಟು ಮಾತ್ರೆ, ಪ್ರತಿದಿನ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಕಿಲ್ಲ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಬಂದರೆ, ಬಣ್ಣ ಗುರುತಿಸುವುದು ಕಷ್ಟವಾದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಇಲ್ಲಿಂದ ಮುಂದಿನ ಮಾತನ್ನು ರೋಗಿಗೆ ಮೊದಲ ದಿನವೇ ಹೇಳಬೇಕು, ಬಹಳ ಕಡೆ ಹೇಳುವುದಿಲ್ಲ. ಔಷಧಿಯಿಂದ ರೋಗಾಣು ಸಾಯುತ್ತದೆ, ಹುಣ್ಣು ಮಾಯುತ್ತದೆ, ಊತದಿಂದ ಆದ ಇಕ್ಕಟ್ಟು ತೆರೆಯುತ್ತದೆ. ಆದರೆ ಹಳೆಯ ಕಲೆಯಿಂದ ಆದ ಬಿಗಿತವನ್ನು ಯಾವ ಮಾತ್ರೆಯೂ ಕರಗಿಸುವುದಿಲ್ಲ. ಮಾಯುತ್ತಾ ಅದು ಇನ್ನಷ್ಟು ಬಿಗಿಯಬಹುದು. ಜ್ವರ ಬಿಟ್ಟು, ಹಸಿವು ಮರಳಿ, ನಾಲ್ಕು ಕೆಜಿ ತೂಕ ಏರಿದ ರೋಗಿಗೆ ಮೂರನೇ ತಿಂಗಳಲ್ಲಿ ಮತ್ತೆ ಹೊಟ್ಟೆ ನುಲಿದು ವಾಂತಿಯಾದರೆ ‘ಔಷಧಿ ನಾಟಲಿಲ್ಲ’ ಎಂದು ಆತ ಮಾತ್ರೆ ಬಿಡುತ್ತಾನೆ, ಇಲ್ಲವೇ ಇನ್ನೊಬ್ಬ ವೈದ್ಯರು ಮಾತ್ರೆ ಬದಲಿಸುತ್ತಾರೆ. ಎಷ್ಟೋ ಸಲ ಅಲ್ಲಿ ಔಷಧಿ ಗೆದ್ದಿರುತ್ತದೆ. ಕೆಟ್ಟಿರುವುದು ಕೊಳವೆಯ ಅಗಲ ಮಾತ್ರ. ಮಾತ್ರೆ ನಿಲ್ಲಿಸದೆ ಹೋಗಿ ಸ್ಕ್ಯಾನ್ ಮಾಡಿಸಬೇಕು. ಬಹಳ ಮಂದಿಗೆ ಔಷಧಿಯೊಂದರಲ್ಲೇ ಸಾಕಾಗುತ್ತದೆ. ಉದ್ದನೆಯ ಬಿಗಿತ, ಹಲವು ಕಡೆ ಬಿಗಿತ ಇದ್ದವರಿಗೆ ಚಾಕು ಬೇಕಾಗುವ ಸಂಭವ ಹೆಚ್ಚು. ಚಿಕ್ಕದಾದ, ಎಂಡೋಸ್ಕೋಪಿಗೆ ಎಟುಕುವ ಬಿಗಿತವನ್ನು ಬಲೂನ್ ಹಾಕಿ ಹಿಗ್ಗಿಸುವುದೂ ಉಂಟು.

ಆಪರೇಷನ್ ಎಂದರೆ ಕರುಳು ಕತ್ತರಿಸಿ ಎಸೆಯುವುದು ಎಂಬ ಭಯ ಸಹಜ. ಹಿಂದೆ ರೋಗದ ಭಾಗವನ್ನು ಬಿಟ್ಟು ಪಕ್ಕದಿಂದ ಬೈಪಾಸ್ ಮಾಡುತ್ತಿದ್ದರು. ಬಿಟ್ಟ ಭಾಗದಲ್ಲಿ ಕಲ್ಮಶ ತುಂಬಿ ಬೇರೆ ತೊಂದರೆ ಬರುತ್ತಿತ್ತು. ಆಮೇಲೆ ಬಲಭಾಗದ ದೊಡ್ಡ ಕರುಳನ್ನೆಲ್ಲ ತೆಗೆಯುವ ಕಾಲ ಬಂತು. ಔಷಧಿಗಳು ಚುರುಕಾದ ಮೇಲೆ ಅಷ್ಟು ದೂರ ಹೋಗುವ ಅಗತ್ಯ ಉಳಿಯಲಿಲ್ಲ. ಈಗ ಗಂಟುಕಟ್ಟಿದ ಭಾಗವನ್ನು ಅಕ್ಕಪಕ್ಕದ ಸ್ವಲ್ಪ ಕರುಳಿನೊಂದಿಗೆ ತೆಗೆದು ಜೋಡಿಸುತ್ತಾರೆ. ಅಲ್ಲಲ್ಲಿ ಉಂಗುರದ ಬಿಗಿತಗಳಷ್ಟೇ ಇದ್ದರೆ ಏನನ್ನೂ ಕತ್ತರಿಸಿ ತೆಗೆಯದೆ, ಬಿಗಿತದ ಮೇಲೆ ಕರುಳನ್ನು ಉದ್ದಕ್ಕೆ ಸೀಳಿ, ಆ ಸೀಳನ್ನು ಅಡ್ಡಕ್ಕೆ ಎಳೆದು ಹೊಲಿಯುತ್ತಾರೆ. ಉದ್ದ ತುಸು ಕಡಿಮೆಯಾಗಿ ಅಗಲ ಹೆಚ್ಚುತ್ತದೆ, ಒಂದು ಅಂಗುಲ ಕರುಳೂ ನಷ್ಟವಾಗುವುದಿಲ್ಲ. ಸ್ಟ್ರಿಕ್ಚರೋಪ್ಲಾಸ್ಟಿ ಎಂಬ ಈ ವಿಧಾನವನ್ನು ಟಿಬಿಯ ಬಿಗಿತಕ್ಕೆ ಬಳಸಿ 1977ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಬರೆದವರು ಭಾರತದ ಶಸ್ತ್ರವೈದ್ಯ ಕಟಾರಿಯ ಮತ್ತು ಸಂಗಡಿಗರು. ಆಕ್ಸ್‌ಫರ್ಡಿನ ಇಮ್ಯಾನುಯೆಲ್ ಲೀ ಅದನ್ನು ಕ್ರೋನ್ಸ್ ಕಾಯಿಲೆಗೆ ಬಳಸಿ ಬರೆದದ್ದು 1982ರಲ್ಲಿ. ಪಶ್ಚಿಮದ ಕ್ರೋನ್ಸ್ ರೋಗಿಗಳ ಕರುಳು ಉಳಿಸುವ ಈ ಹೊಲಿಗೆಯನ್ನು ನಮ್ಮ ಬಡವರ ಕಾಯಿಲೆ ಕಲಿಸಿಕೊಟ್ಟಿತು ಎಂದರೆ ತಪ್ಪಾಗದು.

ಕರುಳು ಉಳಿಸುವ ಹಟಕ್ಕೆ ಕಾರಣವೂ ಇದೆ. ವಿಟಮಿನ್ ಬಿ12 ಮತ್ತು ಪಿತ್ತದ ಲವಣಗಳನ್ನು ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ. ಅದು ಹೆಚ್ಚು ಹೋದರೆ ಜೀವನಪೂರ್ತಿ ಬಿ12 ಇಂಜೆಕ್ಷನ್, ಬಿಡದ ಭೇದಿ. ಇನ್ನು ಇಡೀ ಹೊಟ್ಟೆಯೇ ಅಂಟಿಹೋಗಿರುವವರಲ್ಲಿ ಸುರುಳಿಗಳನ್ನು ಬಿಡಿಸಲು ಹೋಗುವುದು ಸಾಹಸವಲ್ಲ, ಅವಿವೇಕ. ಬಿಡಿಸುವಾಗ ಆದ ಒಂದು ತೂತು ಹೊರಗೆ ಸೋರುವ ಫಿಸ್ಟುಲವಾಗಿ ತಿಂಗಳುಗಟ್ಟಲೆ ಕಾಡುತ್ತದೆ. ಬಯಾಪ್ಸಿಗೆ ಚೂರು ತೆಗೆದು, ಹೊಟ್ಟೆ ಮುಚ್ಚಿ, ಔಷಧಿ ಕೊಟ್ಟು ಕಾಯುವ ಶಸ್ತ್ರವೈದ್ಯರನ್ನು ‘ಏನೂ ಮಾಡದೆ ಹೊಲಿದುಬಿಟ್ಟರು’ ಎಂದು ದೂರಬೇಡಿ. ಕಾಯಬಾರದ ಸಂದರ್ಭ ಬೇರೆ: ಬಂದು ಹೋಗುತ್ತಿದ್ದ ನೋವು ಬಿಡದೆ ನಿಂತರೆ, ಹೊಟ್ಟೆ ಹಲಗೆಯಷ್ಟು ಗಟ್ಟಿಯಾದರೆ, ನಾಡಿ ಓಡತೊಡಗಿದರೆ ಕರುಳು ತೂತಾಗಿರಬಹುದು ಅಥವಾ ರಕ್ತವಿಲ್ಲದೆ ಕೊಳೆಯುತ್ತಿರಬಹುದು. ಆಗ ಗಂಟೆಗಳ ಲೆಕ್ಕ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಿಗಿತ ಇರುವವರೆಗೆ ನಾರು, ಸಿಪ್ಪೆ, ಬೀಜ ಬೇಡ. ಕಿತ್ತಳೆಯ ತೊಳೆ ಸಿಪ್ಪೆಸಹಿತ ನುಂಗುವುದು, ಹಲಸು, ಅನಾನಸ್, ಹಸಿ ಕಾಳು, ನುಗ್ಗೆಯ ಜಗಿದ ನಾರು ಇವೆಲ್ಲ ಇಕ್ಕಟ್ಟಿನಲ್ಲಿ ಬಿರಡೆಯಾಗುತ್ತವೆ. ಬಿಗಿತದ ಹಿಂದೆ ಉಬ್ಬಿದ ಕರುಳು ಬಿಚ್ಚಿದಾಗ ರೋಗಿಗೆ ತಿಂದ ನೆನಪೇ ಇಲ್ಲದ ಹಣ್ಣಿನ ಬೀಜಗಳು ಸಿಗುವುದು ಶಸ್ತ್ರವೈದ್ಯರಿಗೆ ಹೊಸದಲ್ಲ. ಮೆತ್ತಗಿನ ಅನ್ನ, ಗಂಜಿ, ಹೆಸರುಬೇಳೆ ತೊವ್ವೆ, ಮೊಸರು, ಮೊಟ್ಟೆ, ಮುಳ್ಳು ತೆಗೆದ ಮೀನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಿ. ಪಥ್ಯ ಎಂದು ಉಪವಾಸ ಕೆಡವಬೇಡಿ. ಮಂಗಳೂರಿನ ಯೇನೆಪೊಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಶ್ವಾಸಕೋಶದ ಟಿಬಿಯದ್ದು. ಆದರೂ ಅದು ತೋರಿಸಿದ್ದು ಇಲ್ಲಿಗೂ ಹೊಂದುತ್ತದೆ: ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಬಹಳ ಕಡಿಮೆ, ರೋಗಿಯ ಮನೆಯವರಿಗೂ ಪೌಷ್ಟಿಕ ಆಹಾರ ಕೊಟ್ಟರೆ ಅವರಿಗೆ ಹೊಸದಾಗಿ ಟಿಬಿ ಬರುವುದೂ ತಗ್ಗುತ್ತದೆ.

ಕೊನೆಗೆ ಒಂದು ವ್ಯವಹಾರದ ಮಾತು. ಹೊಟ್ಟೆಯ ಟಿಬಿಯೂ ಸರ್ಕಾರದ ಲೆಕ್ಕದಲ್ಲಿ ಟಿಬಿಯೇ. ಖಾಸಗಿ ಆಸ್ಪತ್ರೆಯಲ್ಲಿ ಪತ್ತೆಯಾದರೂ ಅದನ್ನು ವರದಿ ಮಾಡುವುದು 2012ರಿಂದ ಕಡ್ಡಾಯ. ಸರ್ಕಾರದ ಟಿಬಿ ಪೋರ್ಟಲ್ ಆದ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿದರೆ ಮಾತ್ರೆ ಉಚಿತ, ಎಚ್‌ಐವಿ ಮತ್ತು ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಅಲ್ಲೇ ಆಗುತ್ತದೆ, ಪೌಷ್ಟಿಕ ಆಹಾರಕ್ಕೆಂದು ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ 500 ಇದ್ದದ್ದು 2024ರ ನವೆಂಬರ್‌ನಿಂದ ದುಪ್ಪಟ್ಟಾಗಿದೆ. ಕೆಮ್ಮಿಲ್ಲದ ಟಿಬಿಗೆ ಇದು ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ; ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಅಥವಾ 1800-11-6666ಕ್ಕೆ ಕರೆ ಮಾಡಿ ಕೇಳಿ.